ಏಳು ವಾರ ಉಳಿದಿದೆ, ತಯಾರಿ ಸಾಲದು: ಗೋವಾದ ಟ್ರಯಥ್ಲಾನ್‌ಗೆ ಹೋಗಬೇಕೇ, ಬಿಡಬೇಕೇ?

ತೀರ್ಥಹಳ್ಳಿಯ ಕಡೆಯವರಾದ ತಾವು ಗೋವಾದ 70.3 ಟ್ರಯಥ್ಲಾನ್‌ಗೆ (ಈಜು, ಸೈಕಲ್, ಓಟ ಮೂರನ್ನೂ ಒಂದರ ಬೆನ್ನಿಗೊಂದು ಮುಗಿಸುವ ಸ್ಪರ್ಧೆ, 70.3 ಎಂಬುದು ಮೂರರ ಒಟ್ಟು ದೂರ, ಮೈಲಿಗಳಲ್ಲಿ) ಹೆಸರು ಕೊಟ್ಟಿದ್ದೀರಿ. ಮಳೆಗಾಲದಲ್ಲಿ ಅಭ್ಯಾಸ ತಪ್ಪಿದೆ, ಈಜು ಕಲಿತದ್ದು ಕೊಳದಲ್ಲಿ ಮಾತ್ರ, ಉಳಿದಿರುವುದು ಏಳು ವಾರ. ಹೋಗಬೇಕೇ ಬಿಡಬೇಕೇ ಎಂಬುದು ತಮ್ಮ ಪ್ರಶ್ನೆ. ಶಿವಮೊಗ್ಗದಲ್ಲಿದ್ದುಕೊಂಡೇ ಈ ದೂರಕ್ಕೆ ಸಿದ್ಧನಾದವನು ನಾನು. ನನ್ನ ಅಭಿಪ್ರಾಯ ಇಷ್ಟು: ಸೈಕಲ್ ಮತ್ತು ಓಟದ ತಯಾರಿ ಕಡಿಮೆಯಿದ್ದರೆ ಧೈರ್ಯವಾಗಿ ಹೋಗಿ, ಈಜಿನ ತಯಾರಿ ಕಡಿಮೆಯಿದ್ದರೆ ಈ ವರ್ಷ ಬಿಟ್ಟುಬಿಡಿ.

ಕಾರಣವನ್ನು ವಿವರಿಸುತ್ತೇನೆ. ಸೈಕಲ್ ಮೇಲೆ ಕಾಲು ಸೋತರೆ ರಸ್ತೆಯ ಬದಿಗೆ ನಿಲ್ಲಬಹುದು, ಓಟದಲ್ಲಿ ಸುಸ್ತಾದರೆ ನಡೆಯಬಹುದು. ಅಲ್ಲಿ ಆಗುವ ನಷ್ಟ ಸಮಯದ್ದು ಮಾತ್ರ. ಸಮುದ್ರದಲ್ಲಿ 1.9 ಕಿ.ಮೀ. ಈಜುವಾಗ ಹಿಡಿಯಲು ಗೋಡೆಯಿಲ್ಲ, ಕೆಳಗೆ ನೆಲ ಕಾಣುವುದಿಲ್ಲ, ಅಕ್ಕಪಕ್ಕದವರ ಕೈಕಾಲು ಮುಖಕ್ಕೆ ತಾಗುತ್ತಿರುತ್ತದೆ. ಜೊತೆಗೆ, ನೀರು 24.5 ಡಿಗ್ರಿಗಿಂತ ಬೆಚ್ಚಗಿದ್ದರೆ ಸಾಮಾನ್ಯ ಸ್ಪರ್ಧಿಗಳು ವೆಟ್‌ಸೂಟ್ (ಮೈಯನ್ನು ಬೆಚ್ಚಗಿಟ್ಟು ತೇಲಲು ನೆರವಾಗುವ ರಬ್ಬರಿನಂಥ ಉಡುಪು) ತೊಟ್ಟು ಬಹುಮಾನಕ್ಕೆ ಸ್ಪರ್ಧಿಸುವಂತಿಲ್ಲ, ಗೋವಾದ ಕಡಲು ಅದಕ್ಕಿಂತ ಬೆಚ್ಚಗೇ ಇರುತ್ತದೆ. ಹಾಗಾಗಿ ತೇಲಿಸುವ ಉಡುಪಿನ ಆಸರೆಯನ್ನು ಲೆಕ್ಕಕ್ಕೆ ಹಿಡಿಯಬೇಡಿ. ದಣಿದಾಗ ರಕ್ಷಕರ ಕಯಾಕ್ (ಕಿರುದೋಣಿ) ಹಿಡಿದು ಸುಧಾರಿಸಿಕೊಳ್ಳಬಹುದು, ಅದರ ನೆರವಿನಿಂದ ಮುಂದೆ ಸಾಗದಿದ್ದರೆ ಸಾಕು. ಈ ನಿಯಮ ಅನೇಕರಿಗೆ ತಿಳಿದಿರುವುದಿಲ್ಲ. ತಿಳಿದವರೂ ನಾಚಿಕೊಂಡು ಕೈ ಎತ್ತುವುದಿಲ್ಲ, ಅದು ಶುದ್ಧ ಅವಿವೇಕ.

ಆದ್ದರಿಂದ ಈ ವಾರವೇ ಒಂದು ಪರೀಕ್ಷೆ ಮಾಡಿಕೊಳ್ಳಿ. ಇಪ್ಪತ್ತೈದು ಮೀಟರಿನ ಕೊಳದಲ್ಲಿ ಎಪ್ಪತ್ತಾರು ಸಲ ಈ ದಡದಿಂದ ಆ ದಡಕ್ಕೆ, ಗೋಡೆಯ ಬಳಿ ನಿಂತು ಉಸಿರು ತೆಗೆದುಕೊಳ್ಳದೆ ಈಜಿ. ಒಂದು ಗಂಟೆಯೊಳಗೆ ಮುಗಿದು, ಮೇಲೆ ಬಂದಾಗ ಮಾತನಾಡುವಷ್ಟು ಉಸಿರಿದ್ದರೆ ತಾವು ಹೋಗಬಹುದು. ಅರ್ಧಕ್ಕೇ ಗೋಡೆ ಹಿಡಿಯಬೇಕಾಗಿ ಬಂದರೆ ಮೂರು ವಾರ ಈಜಿಗೇ ಮೀಸಲಿಟ್ಟು ಮತ್ತೊಮ್ಮೆ ನೋಡಿ. ಆಗಲೂ ಆಗದಿದ್ದರೆ ನಿರ್ಧಾರ ತಾನಾಗಿಯೇ ಆಯಿತು. ಕೈಯ ಎಂಟು ಬೀಸಿಗೊಮ್ಮೆ ತಲೆ ಎತ್ತದೆ ಕಣ್ಣನ್ನಷ್ಟೇ ನೀರಿನ ಮೇಲೆ ತಂದು ಎದುರಿನ ಗುರುತು ನೋಡುವ ಅಭ್ಯಾಸವನ್ನು ಕೊಳದಲ್ಲೇ ಮಾಡಿ, ಇಲ್ಲದಿದ್ದರೆ ಕಡಲಿನಲ್ಲಿ ಓರೆಯಾಗಿ ಹೋಗಿ 1.9 ಕಿ.ಮೀ. ಎರಡನ್ನು ದಾಟುತ್ತದೆ. ತೆರೆದ ನೀರು ಬೇಕೆಂದು ತುಂಗೆಗೋ ಗಾಜನೂರಿನ ಹಿನ್ನೀರಿಗೋ ಇಳಿಯುವ ಯೋಚನೆಯನ್ನು ದಯವಿಟ್ಟು ಬಿಡಿ. ಮಳೆ ಮುಗಿದ ಮೇಲೂ ಒಳಗಿನ ಸೆಳೆತ ಮೇಲಿನಿಂದ ಕಾಣುವುದಿಲ್ಲ. ಆಗುಂಬೆ ಘಾಟಿ ಇಳಿದರೆ ಮಲ್ಪೆ ತಮಗೆ ದೂರವಲ್ಲ. ಕಡಲು ಶಾಂತವಾದ ಮೇಲೆ, ಜೀವರಕ್ಷಕರಿರುವ ಹೊತ್ತಿನಲ್ಲಿ, ಚೆನ್ನಾಗಿ ಈಜು ಬಲ್ಲ ಒಬ್ಬರನ್ನು ಕರೆದುಕೊಂಡು ದಡಕ್ಕೆ ಸಮಾನಾಂತರವಾಗಿ ಈಜಿ ನೋಡಿ.

ಈಜು ಕೈಗೆ ಬಂದಿದೆ ಎಂದಾದರೆ ಉಳಿದದ್ದು ಗಡಿಯಾರದ ಲೆಕ್ಕ. ಈ ದೂರಕ್ಕೆ ಸಾಮಾನ್ಯವಾಗಿ ಇರುವ ಗಡುವು ಈಜಿಗೆ 1 ಗಂಟೆ 10 ನಿಮಿಷ, ಸೈಕಲ್ ಮುಗಿಯುವ ಹೊತ್ತಿಗೆ ಒಟ್ಟು ಐದೂವರೆ ಗಂಟೆ, ಕೊನೆಗೆ ಎಂಟೂವರೆ ಗಂಟೆ. ಈಜಿಗೆ ಒಂದು ಗಂಟೆ, ಬಟ್ಟೆ ಬದಲಿಸಲು ಹತ್ತು ನಿಮಿಷ ಹೋದರೆ 90 ಕಿ.ಮೀ. ಸೈಕಲ್‌ಗೆ 4 ಗಂಟೆ 20 ನಿಮಿಷ ಸಿಗುತ್ತದೆ, ಅಂದರೆ ಗಂಟೆಗೆ 21 ಕಿ.ಮೀ. ಸಾಕು. ತೀರ್ಥಹಳ್ಳಿ ರಸ್ತೆಯ ಏರಿಳಿತದಲ್ಲಿ ಈ ವೇಗ ಹಿಡಿಯುವವರಿಗೆ ಸ್ಪರ್ಧೆಯ ರಸ್ತೆ ಭಾರವಾಗದು. ಶಿವಮೊಗ್ಗದಿಂದ ಮಂಡಗದ್ದೆ ದಾಟಿ ಸುಮಾರು ಹದಿನೈದು ಕಿಲೋಮೀಟರ್ ಮುಂದೆ ಹೋಗಿ ತಿರುಗಿದರೆ ಹೆಚ್ಚುಕಡಿಮೆ ಅದೇ ದೂರವಾಗುತ್ತದೆ (ಮಂಡಗದ್ದೆಯಲ್ಲಿ ಹಕ್ಕಿ ನೋಡಲು ನಿಂತರೆ ಲೆಕ್ಕ ತಪ್ಪುತ್ತದೆ). ಮಳೆ ಬಿಟ್ಟ ಮರುದಿನ ಮರಗಳ ನೆರಳಿರುವ ತಿರುವುಗಳಲ್ಲಿ ಜಾಗ್ರತೆ: ಡಾಂಬರಿನ ಅಂಚಿನಲ್ಲಿ ಹಸಿರು ಪಾಚಿ ಕಟ್ಟಿರುತ್ತದೆ, ಬಿಳಿ ಗೆರೆಯ ಮೇಲೆ ಮುಂದಿನ ಚಕ್ರ ಸದ್ದಿಲ್ಲದೆ ಜಾರುತ್ತದೆ, ಬ್ರೇಕ್ ಹಿಡಿದರೆ ಇನ್ನಷ್ಟು ಜಾರುತ್ತದೆ.

ಗಡುವಿನ ಅಂಚಿನಲ್ಲೇ ಸೈಕಲ್ ಇಳಿದರೂ 21.1 ಕಿ.ಮೀ. ಓಟಕ್ಕೆ ಮೂರು ಗಂಟೆ ಇರುತ್ತದೆ. ಕಿಲೋಮೀಟರಿಗೆ ಎಂಟೂವರೆ ನಿಮಿಷದ ಲೆಕ್ಕ ಅದು. ಬರೀ ನಡೆದರೆ ಸಾಲದು, ನಾಲ್ಕು ನಿಮಿಷ ಓಡಿ ಒಂದು ನಿಮಿಷ ನಡೆದರೆ ಸಾಕಾಗುತ್ತದೆ. ಆದರೆ ಮಲೆನಾಡಿನ ಬೆಳಗಿನ ಮಂಜಿನಲ್ಲಿ ಓಡಿದ ಕಾಲು ಗೋವಾದ ನಡುಹಗಲಿನ ಸೆಕೆಗೆ ಸಿದ್ಧವಾಗಿರುವುದಿಲ್ಲ. ವಾರಕ್ಕೊಂದು ಸಲವಾದರೂ ಹನ್ನೊಂದು ಗಂಟೆಯ ಬಿಸಿಲಿನಲ್ಲಿ, ಅದೂ ಸೈಕಲ್ ಇಳಿದ ಕೂಡಲೇ ಓಡಿ. ಬಾಯಾರಿಕೆಗೆ ಬರೀ ನೀರನ್ನೇ ಮಿತಿಮೀರಿ ಕುಡಿದರೆ ರಕ್ತದಲ್ಲಿ ಸೋಡಿಯಂ ಇಳಿದು ಅಪಾಯವಾಗುತ್ತದೆ, ಉಪ್ಪಿನಂಶವಿರುವ ಪಾನೀಯವೂ ಇರಲಿ. ಸ್ಪರ್ಧೆಯ ದಿನ ಏನು ತಿನ್ನುವಿರೋ ಅದನ್ನೇ ಈಗಿನ ದೀರ್ಘ ಸವಾರಿಗಳಲ್ಲೂ ತಿಂದು ಹೊಟ್ಟೆಗೆ ಒಗ್ಗಿಸಿಕೊಳ್ಳಿ.

ಏಳು ವಾರದಲ್ಲಿ ಕೊನೆಯ ಎರಡು ವಾರ ಅಭ್ಯಾಸ ಇಳಿಸುವುದಕ್ಕೆ ಹೋಗುತ್ತದೆ. ಆ ಅವಧಿಯ ಅತಿ ಶ್ರಮದಿಂದ ಶಕ್ತಿ ಬರುವುದಿಲ್ಲ, ಆಯಾಸ ಮಾತ್ರ ಉಳಿಯುತ್ತದೆ. ಎದೆನೋವು, ತಲೆಸುತ್ತು, ಬಿಡದ ಜ್ವರ ಇದ್ದರೆ ಮೇಲಿನ ಯಾವ ಲೆಕ್ಕವೂ ಬೇಡ, ಮೊದಲು ವೈದ್ಯರ ಬಳಿ ಹೋಗಿ. ಈಜಿನ ಎರಡನೇ ಪರೀಕ್ಷೆಯೂ ಕೈಕೊಟ್ಟರೆ, ರಿಲೇ ವಿಭಾಗಕ್ಕೆ (ತಂಡದವರು ಮೂರು ಭಾಗಗಳನ್ನು ಹಂಚಿಕೊಂಡು ಮಾಡುವುದು) ಬದಲಾಯಿಸಿಕೊಂಡು ಸೈಕಲ್ ಭಾಗವನ್ನಷ್ಟೇ ತಾವು ಮಾಡಲು ಸಾಧ್ಯವೇ, ಮುಂದಿನ ವರ್ಷಕ್ಕೆ ಪ್ರವೇಶ ಮುಂದೂಡಲು ಕೊನೆಯ ದಿನ ಯಾವುದು ಎಂದು ಸಂಘಟಕರಿಗೆ ಇವತ್ತೇ ಬರೆದು ಕೇಳಿಟ್ಟುಕೊಳ್ಳಿ.