ಬೈದಿದ್ದರೆ ಚಲೋ ಇತ್ತು ಅನ್ನಿಸುತ್ತಿದೆ

ಪ್ರಶ್ನೆ: ನನಗೆ 47 ವರ್ಷ. ಸಿರುಗುಪ್ಪದ ಹತ್ತಿರದ ಹಳ್ಳಿ. ಭತ್ತದ ವ್ಯಾಪಾರ ಮಾಡುತ್ತೇನೆ. ಕಳೆದ ವರ್ಷ ಅಪ್ಪ ತೀರಿಕೊಂಡರು. ಅವತ್ತು ಎರಡು ಸಲ ಫೋನ್ ಮಾಡಿದ್ದರು. ತೂಕ ನಡೆದಿತ್ತು, ಆಮೇಲೆ ಮಾಡಿದರಾಯಿತು ಅಂತ ನಾನು ಎತ್ತಲಿಲ್ಲ. ಅಂದಿನಿಂದ ಸರಿಯಾಗಿ ನಿದ್ದೆಯಿಲ್ಲ. ಬಳ್ಳಾರಿಯಲ್ಲಿ ಒಬ್ಬ ಮೇಡಂ ಹತ್ತಿರ ಮೂರು ಸಲ ಕೌನ್ಸೆಲಿಂಗ್‌ಗೆ ಹೋದೆ. ಫೋನಿನ ವಿಷಯ ಹೇಳಿಲ್ಲ. ಮೂರನೇ ಸಲ ಅವರು ‘ಬಹಳ ದಿನದಿಂದ ಒಬ್ಬರೇ ಹೊತ್ತುಕೊಂಡಿದ್ದೀರಿ’ ಅಂದರು. ನಾನು ಚಿಕ್ಕ ಹುಡುಗನ ಹಾಗೆ ಅತ್ತುಬಿಟ್ಟೆ. ಅವರು ಸುಮ್ಮನೆ ಕೂತಿದ್ದರು. ಆಮೇಲೆ ಎರಡು ವಾರದಿಂದ ಹೋಗಿಲ್ಲ. ಅವರು ಬೈದಿದ್ದರೆ ಚಲೋ ಇತ್ತು ಅನ್ನಿಸುತ್ತಿದೆ. ಬರೀ ಮರುಕ ತೋರಿಸಿದರೆ ಚಿಕಿತ್ಸೆ ಆಗುತ್ತದಾ? ‘ದುಡ್ಡು ಕೊಟ್ಟು ಅಳೋಕೆ ಹೋಗ್ತೀರಾ, ನೋಡಿದವರು ಹುಚ್ಚು ಅಂತಾರೆ’ ಅನ್ನುತ್ತಾಳೆ ನನ್ನ ಹೆಂಡತಿ.
– ಹೆಸರು ಬೇಡ

ಉತ್ತರ: ಅಣ್ಣಾ, ಕಾಗದ ಓದಿ ಮುಗಿಸಿದ ಮೇಲೂ ‘ಬೈದಿದ್ದರೆ ಚಲೋ ಇತ್ತು’ ಅನ್ನುವ ಮಾತು ಮನಸ್ಸಿನಿಂದ ಹೋಗಲಿಲ್ಲ. ನೀವು ಅಲ್ಲಿಗೆ ಹೋಗಿದ್ದು ನಿದ್ದೆಗೆ ಅಂತ. ಆದರೆ ಒಳಗೊಳಗೇ ಯಾರಾದರೂ ಶಿಕ್ಷೆ ಕೊಡಲಿ ಅಂತ ಕಾಯುತ್ತಿದ್ದೀರಿ, ಅಲ್ವಾ? ಬೈಸಿಕೊಂಡರೆ ಆ ಎರಡು ಫೋನಿನ ಲೆಕ್ಕ ಚುಕ್ತಾ ಆಗುತ್ತದೆ ಅಂತ. ಅವರು ಬೈಯಲಿಲ್ಲ. ಅದಕ್ಕೇ ತಡೆಯಲು ಆಗಲಿಲ್ಲ.

ಅಪ್ಪನ ಮಣ್ಣಿಗೆ ಬಂದವರು ‘ನಿನ್ನದೇನು ತಪ್ಪು, ದೇವರು ಕರಕೊಂಡ, ಬಿಡು’ ಅಂದಿರುತ್ತಾರೆ. ಪ್ರೀತಿಯಿಂದಲೇ ಅಂದ ಮಾತು. ಆದರೆ ‘ಬಿಡು’ ಅಂದ ಮೇಲೆ ಫೋನ್ ಬಂದಿತ್ತು ಅಂತ ಹೇಳುವುದೆಲ್ಲಿ? ಆ ಮೇಡಂ ‘ಬಿಡಿ’ ಅನ್ನಲಿಲ್ಲ. ನಿಮ್ಮ ಜೊತೆ ಕೂತರು. ಅದು ಮರುಕ ಅಲ್ಲ. ನಮ್ಮ ಕೆಲಸದಲ್ಲಿ ಕಲಿಯಲು ಎಲ್ಲಕ್ಕಿಂತ ಕಷ್ಟವಾದದ್ದೇ ಹಾಗೆ ಸುಮ್ನೆ ಕೂರುವುದು. ಹೊಸದರಲ್ಲಿ ನನಗೆ ಬರುತ್ತಿರಲಿಲ್ಲ. ಎದುರಿಗೆ ಯಾರಾದರೂ ಅತ್ತರೆ ತಕ್ಷಣ ಸಮಾಧಾನ ಹೇಳುತ್ತಿದ್ದೆ. ಅವರು ಕಣ್ಣೊರೆಸಿಕೊಂಡು ‘ಆಯ್ತ್ರಿ’ ಅಂತ ಎದ್ದು ಹೋಗುತ್ತಿದ್ದರು. ಹೇಳಬೇಕಾದದ್ದು ಅವರ ಹೊಟ್ಟೆಯಲ್ಲೇ ಉಳಿಯುತ್ತಿತ್ತು. ನೆನಪಾದರೆ ಇವತ್ತಿಗೂ ಸಂಕಟವಾಗುತ್ತದೆ.

ನಿಮ್ಮ ಹಾಗೆ ಕರುಣೆಗೆ ಹೆದರುವವರು ಬಹಳ ಜನ ಇದ್ದಾರೆ. ಬ್ರಿಟನ್ನಿನ ಮನಶ್ಶಾಸ್ತ್ರಜ್ಞ ಪಾಲ್ ಗಿಲ್ಬರ್ಟ್ ಕರುಣೆಯನ್ನೇ ನಡುವಿಟ್ಟುಕೊಂಡು ಒಂದು ಚಿಕಿತ್ಸೆ ರೂಪಿಸಿದ್ದು ಇಂಥವರಿಗಾಗಿಯೇ. ತನ್ನನ್ನು ತಾನೇ ಬೈದುಕೊಂಡು ಬದುಕುವವರಿಗೆ ಯಾರಾದರೂ ಮೆತ್ತಗೆ ಮಾತಾಡಿದರೆ ಹಿತವಾಗುವುದಿಲ್ಲ, ಭಯವಾಗುತ್ತದೆ. ‘ನಾನು ಏನು ಮಾಡಿದ್ದೇನೆ ಗೊತ್ತಿದ್ದರೆ ಹೀಗೆ ಮಾತಾಡುತ್ತಿರಲಿಲ್ಲ’ ಅನ್ನಿಸುತ್ತದೆ. ನಿಮಗೂ ಹಾಗೇ ಅನ್ನಿಸಿರಬೇಕು.

ಆ ಎರಡು ಫೋನ್ ಎತ್ತದಿದ್ದದ್ದು ತಪ್ಪೋ ಅಲ್ಲವೋ, ಇಲ್ಲಿ ಕೂತು ನಾನು ತೀರ್ಪು ಕೊಡುವುದಿಲ್ಲ. ಆ ಮೇಡಂ ಕೂಡ ಕೊಡುವುದಿಲ್ಲ. ಮಕ್ಕಳಾದರೆ ಅಪ್ಪ ಅಮ್ಮನನ್ನು ಕೂರಿಸಿಕೊಂಡು ಕೇಳುತ್ತೇವೆ. ನೀವು ದೊಡ್ಡವರು, ಮನೆ ನಡೆಸುವವರು. ಯಾವುದನ್ನು ಯಾವತ್ತು ಹೇಳಬೇಕು ಅನ್ನುವುದು ನಿಮಗೇ ಬಿಟ್ಟದ್ದು. ಅದಕ್ಕೇ ಅವರು ಕೆದಕಲಿಲ್ಲ. ಹೇಳಿದ್ದು ಹೊರಗೆ ಹೋಗುವುದೂ ಇಲ್ಲ. 2017ರ ಮಾನಸಿಕ ಆರೋಗ್ಯ ಕಾಯ್ದೆಯಲ್ಲೇ ಗುಟ್ಟು ಕಾಪಾಡುವ ಹಕ್ಕು ಇದೆ. ಜೀವಕ್ಕೆ ಅಪಾಯ ಇದ್ದಂಥ ಕೆಲವು ಸಂದರ್ಭ ಮಾತ್ರ ಬೇರೆ.

ಹಾಗಂತ ಬರೀ ಕರುಣೆ ಸಾಕು ಅನ್ನುತ್ತಿಲ್ಲ. ‘ಮುಂದೆ ಏನು ಮಾಡೋಣ, ಎಷ್ಟು ಸಲ ಬರಬೇಕು?’ ಅಂತ ಧೈರ್ಯವಾಗಿ ಕೇಳಿ. ಒಳ್ಳೆಯ ಚಿಕಿತ್ಸಕರು ಬೇಜಾರು ಮಾಡಿಕೊಳ್ಳಲ್ಲ. ವರ್ಷದಿಂದ ನಿದ್ದೆ ಇಲ್ಲದಿರುವುದರಿಂದ ಒಮ್ಮೆ ಮನೋವೈದ್ಯರನ್ನೂ ಕಾಣಿ, ಔಷಧ ಬೇಕೋ ಬೇಡವೋ ಅವರು ನೋಡುತ್ತಾರೆ. ರಾತ್ರಿ ತೀರಾ ಕಷ್ಟವಾದರೆ, ಬದುಕೇ ಸಾಕು ಅನ್ನಿಸಿದರೆ, ಬೆಳಗಾಗಲಿ ಅಂತ ಕಾಯಬೇಡಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಫೋನ್ ಮಾಡಿ. ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ, ದಿನದ 24 ಗಂಟೆಯೂ ಇರುತ್ತಾರೆ.

ಹುಚ್ಚು ಅಂತಾರೆ ಅನ್ನುವ ನಿಮ್ಮ ಮನೆಯವರಿಗೆ ಬಳ್ಳಾರಿಯ ಕತೆಯನ್ನೇ ಹೇಳಿ. ಮನಸ್ಸಿನ ಕಾಯಿಲೆಗೆ ದೊಡ್ಡ ಊರಿಗೇ ಓಡಬೇಕಾಗಿದ್ದ ಕಾಲದಲ್ಲಿ, 1980ರ ದಶಕದಲ್ಲಿ, ನಿಮ್ಹಾನ್ಸ್‌ನವರು ನಮ್ಮ ಜಿಲ್ಲೆಯ ಪ್ರಾಥಮಿಕ ಆರೋಗ್ಯ ಕೇಂದ್ರಗಳ ಡಾಕ್ಟರಿಗೆ ತರಬೇತಿ ಕೊಟ್ಟು ಅಲ್ಲಲ್ಲೇ ಚಿಕಿತ್ಸೆ ಸಿಗುವ ಹಾಗೆ ಮಾಡಿದರು. ಆ ‘ಬಳ್ಳಾರಿ ಮಾದರಿ’ಯ ಮೇಲೆಯೇ 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಶುರುವಾಯಿತು. ಆಮೇಲೆ ಅಪ್ಪನ ಫೋನಿನ ಮಾತನ್ನೂ ಮನೆಯಲ್ಲಿ ಹೇಳುವ ದಿನ ಬರಬಹುದು. ಅವಸರ ಇಲ್ಲ.

ಮೊದಲು ಮೇಡಂಗೆ ಫೋನ್ ಮಾಡಿ, ತೂಕದ ಕೆಲಸ ಇಲ್ಲದ ದಿನ ನೋಡಿ ಹೋಗಿ. ಎರಡು ವಾರ ಯಾಕೆ ತಪ್ಪಿಸಿದಿರಿ ಅಂತ ಅವರು ಜಗಳ ತೆಗೆಯುವುದಿಲ್ಲ. ಬಾಯಿ ಬಾರದಿದ್ದರೆ ನನಗೆ ಬರೆದ ಈ ಕಾಗದವನ್ನೇ ಅವರ ಕೈಗೆ ಕೊಡಿ. ಅವರು ಓದುವಾಗ ನೀವು ಕಿಟಕಿಯ ಹೊರಗೆ ನೋಡುತ್ತಾ ಕೂತರೂ ನಡೆಯುತ್ತದೆ.