ಆಪರೇಷನ್ ಡೇಟ್ ಆಮೇಲೆ, ಮೊದಲು ಕೂತು ಊಟ ಮಾಡಿ

ಹಾಸನ ಜಿಲ್ಲೆಯ ಓದುಗಿಯೊಬ್ಬರು ಉದ್ದದ ಪತ್ರ ಬರೆದಿದ್ದಾರೆ. ಓದಿದ ಮೇಲೆ ಅದು ತಲೆಯಿಂದ ಹೋಗುತ್ತಲೇ ಇಲ್ಲ. ಈ ವಾರ ಅದೊಂದಕ್ಕೇ ಉತ್ತರ, ಉಳಿದವರು ದಯವಿಟ್ಟು ಕಾಯಬೇಕು.

ಅವರ ಕಥೆ ಚಿಕ್ಕದಾಗಿ ಹೇಳುತ್ತೇನೆ. ವಯಸ್ಸು 36, ಹೈಸ್ಕೂಲ್ ಟೀಚರ್, ಇಬ್ಬರು ಮಕ್ಕಳು. ಎತ್ತರ ಐದಡಿ ಎರಡಿಂಚು, ತೂಕ 108 ಕೆಜಿ. ಶುಗರ್ ಬಂದಿದೆ, ಮೆಟ್ಟಿಲು ಹತ್ತಿದರೆ ಮಂಡಿ ನೋವು, ರಾತ್ರಿ ಗೊರಕೆ. ವಾಕಿಂಗ್, ಜಿಮ್, ಕಷಾಯ, ಡಬ್ಬದ ಪೌಡರ್ ಎಲ್ಲ ಆಗಿದೆ. ಇಳಿದ ತೂಕ ಪ್ರತಿ ಸಲವೂ ಇನ್ನಷ್ಟು ಸೇರಿಸಿಕೊಂಡು ವಾಪಸ್ ಬಂದಿದೆ. ಬೆಂಗಳೂರಿನ ಡಾಕ್ಟರೊಬ್ಬರು ಬೇರಿಯಾಟ್ರಿಕ್ ಸರ್ಜರಿ, ಅಂದರೆ ತೂಕ ಇಳಿಸುವ ಆಪರೇಷನ್, ಮಾಡಬಹುದು, ಆದರೆ ಮೂರು ತಿಂಗಳ ತಯಾರಿ ಬೇಕು ಅಂದರು. ಎಂಡೋಸ್ಕೋಪಿ (ಬಾಯಿಯಿಂದ ಕೊಳವೆ ಇಳಿಸಿ ಹೊಟ್ಟೆಯ ಒಳಗೆ ನೋಡುವುದು), ನಿದ್ದೆಯ ಪರೀಕ್ಷೆ, ಡಯಟೀಷಿಯನ್, ಮನೋವೈದ್ಯರು, ಹೀಗೆ ಒಂದು ಪಟ್ಟಿ ಕೊಟ್ಟರು. ಅಷ್ಟರಲ್ಲಿ ಮೈದುನನ ಮದುವೆ ಗೊತ್ತಾಯಿತು, ಇನ್ನು ಎರಡು ತಿಂಗಳಿಗೆ. ಇವರು ಬೇರೆ ಕಡೆ ವಿಚಾರಿಸಿದರು. "ಮುಂದಿನ ವಾರವೇ ಬನ್ನಿ, ಈ ತಿಂಗಳೊಳಗಾದರೆ ರಿಯಾಯಿತಿ ಇದೆ" ಅಂತ ಉತ್ತರ ಬಂತು. ಒಡವೆ ಅಡ ಇಟ್ಟು ದುಡ್ಡು ಹೊಂದಿಸೋಣ ಅಂತಿದ್ದಾರೆ. ಗಂಡ "ನಿನ್ನಿಷ್ಟ" ಅಂದಿದ್ದಾರೆ. ಅತ್ತೆ "ಮದ್ವೆ ಮುಗೀಲಿ ಬಿಡಮ್ಮ" ಅಂದಿದ್ದಾರೆ. ಅತ್ತೆಯ ಮಾತು ಇವರಿಗೆ ಹೊಟ್ಟೆಕಿಚ್ಚಿನಂತೆ ಕೇಳಿಸಿದೆ. ಈಗ ಪ್ರಶ್ನೆ: ಮೂರು ತಿಂಗಳು ಕಾಯಲಾ, ಮದುವೆಗೆ ಮುಂಚೆಯೇ ಮಾಡಿಸಿಬಿಡಲಾ?

ಇಷ್ಟೇ ಆಗಿದ್ದರೆ ಉತ್ತರ ಒಂದು ಸಾಲಿನಲ್ಲಿ ಮುಗಿಯುತ್ತಿತ್ತು. ಕಾಯಿರಿ ಅಂತ ಬರೆದು ಸುಮ್ಮನಾಗುತ್ತಿದ್ದೆ. ಆದರೆ ಪತ್ರದ ನಡುವೆ, ಡಯಟ್ ಯಾಕೆ ಕೈ ಹತ್ತಲಿಲ್ಲ ಅಂತ ಹೇಳುತ್ತಾ, ನೀವು ಹೀಗೆ ಬರೆದಿದ್ದೀರಿ: "ನನ್ನ ಊಟದ ಕಥೆ ಬಿಡಿ. ಎಲ್ಲರದ್ದೂ ಆಗಿ ಪಾತ್ರೆ ಎತ್ತಿಡೋ ಹೊತ್ತಿಗೆ ಹತ್ತೂವರೆ. ಮಿಕ್ಕಿದ್ದನ್ನ ಅಡುಗೆಮನೆ ಕಟ್ಟೆ ಹತ್ತಿರ ನಿಂತೇ ತಿಂದುಬಿಡ್ತೀನಿ. ಐದು ನಿಮಿಷದ ಕೆಲಸ."

ಬಿಡಿ ಅಂದಿರಲ್ಲ, ನಾನು ಬಿಡುವುದಿಲ್ಲ. ನಿಮ್ಮ ಪತ್ರದಲ್ಲಿ ಇದಕ್ಕಿಂತ ಮುಖ್ಯವಾದ ಮಾತು ಇನ್ನೊಂದಿಲ್ಲ.

ಆ ಕಟ್ಟೆ ನನಗೆ ಕಣ್ಣಿಗೆ ಕಟ್ಟಿದ ಹಾಗಿದೆ. ಕುಕ್ಕರಿನ ತಳದಲ್ಲಿ ಎರಡು ಸೌಟು ಅನ್ನ. ಮಗ ಅರ್ಧ ತಿಂದು ಬಿಟ್ಟ ಚಪಾತಿ. ಪಲ್ಯ, ಕಾಳು, ಮೊಟ್ಟೆ ಎಲ್ಲ ಯಾವಾಗಲೋ ಖಾಲಿ, ಉಳಿದದ್ದು ತಣ್ಣಗಾದ ಸಾರು. ಚೆಲ್ಲೋಕೆ ಮನಸ್ಸು ಬರಲ್ಲ. ಬಿಸಿ ಮಾಡೋಕೆ ತ್ರಾಣ ಇಲ್ಲ. ಸಾರನ್ನು ಕುಕ್ಕರಿಗೇ ಸುರಿದು, ಕಲೆಸಿ, ಒಂದು ಕೈಯಲ್ಲಿ ನಲ್ಲಿ ತಿರುಗಿಸುತ್ತಾ ಇನ್ನೊಂದು ಕೈಯಲ್ಲಿ ತುತ್ತು. ಬೆಳಗ್ಗೆಯಿಂದ ಸ್ಕೂಲಲ್ಲಿ ನಿಂತ ಕಾಲು, ಊಟಕ್ಕೂ ನಿಂತೇ ಇದೆ. ಎಷ್ಟು ತಿಂದಿರಿ ಅಂತ ನಿಮಗೇ ಗೊತ್ತಾಗುವುದಿಲ್ಲ, ಯಾಕಂದರೆ ನೀವು ತಟ್ಟೆಯನ್ನೇ ಹಾಕಿಕೊಂಡಿಲ್ಲ. ಹೊಟ್ಟೆ ತುಂಬಿದ ಸುದ್ದಿ ತಲೆಗೆ ಮುಟ್ಟೋಕೆ ಹದಿನೈದಿಪ್ಪತ್ತು ನಿಮಿಷ ಬೇಕು. ನಿಮ್ಮ ಊಟ ಐದು ನಿಮಿಷಕ್ಕೇ ಮುಗಿದಿರುತ್ತದೆ.

ಬಡಿಸುವವರು ಎಲ್ಲರ ಜೊತೆ ಕೂತು ಉಣ್ಣಬೇಕು ಅಂತ ಈ ಅಂಕಣದಲ್ಲಿ ಮತ್ತೆ ಮತ್ತೆ ಬರೆಯುತ್ತಲೇ ಇದ್ದೇನೆ. ಓದುವವರಿಗೆ ಬೇಜಾರಾಗಿರಬಹುದು. ಆದರೂ ನಿಮಗೆ ಮತ್ತೆ ಹೇಳಲೇಬೇಕು, ಯಾಕಂದರೆ ನಿಮ್ಮ ವಿಷಯದಲ್ಲಿ ಇದು ಬರೀ ಮರ್ಯಾದೆಯ ಪ್ರಶ್ನೆ ಅಲ್ಲ. ನಿಮ್ಮ ಆಪರೇಷನ್ ಕೈಹಿಡಿಯುವುದು, ಕೈಕೊಡುವುದು ಆ ಕಟ್ಟೆಯ ಹತ್ತಿರವೇ ತೀರ್ಮಾನವಾಗುತ್ತದೆ.

ನಿಮಗೆ ಹೇಳಿರುವುದು ಸ್ಲೀವ್ ಅನ್ನುವ ಆಪರೇಷನ್. ಹೊಟ್ಟೆಯ ಚೀಲದ ಮುಕ್ಕಾಲು ಭಾಗಕ್ಕೂ ಜಾಸ್ತಿ ಕತ್ತರಿಸಿ ತೆಗೆಯುತ್ತಾರೆ. ಉಳಿಯುವುದು ಬಾಳೆಹಣ್ಣಿನಂಥ ಒಂದು ಸಣ್ಣ ಕೊಳವೆ. ತೆಗೆದದ್ದನ್ನು ಮತ್ತೆ ಜೋಡಿಸುವ ಹಾಗಿಲ್ಲ. ಮೊದಲ ಎರಡು ವಾರ ಬರೀ ನೀರಿನಂಥ ಪದಾರ್ಥ. ಆಮೇಲೆ ಕೆಲವು ವಾರ ನುಣ್ಣಗೆ ರುಬ್ಬಿದ್ದು, ಆಮೇಲೆ ಮೆತ್ತಗಿನದು. ಮಾಮೂಲಿ ಊಟಕ್ಕೆ ಬರೋಕೆ ಹೆಚ್ಚುಕಮ್ಮಿ ಎರಡು ತಿಂಗಳು ಹಿಡಿಯುತ್ತದೆ. ಆಗಲೂ ತಿನ್ನುವ ರೀತಿ ಬದಲಾಗಿರಲೇಬೇಕು. ಸಣ್ಣ ತುತ್ತು, ಚೆನ್ನಾಗಿ ಅಗಿಯಬೇಕು, ಒಂದು ಊಟಕ್ಕೆ ಇಪ್ಪತ್ತರಿಂದ ಮೂವತ್ತು ನಿಮಿಷ. ಊಟದ ಜೊತೆ ನೀರಿಲ್ಲ, ಅರ್ಧ ಗಂಟೆ ಬಿಟ್ಟು ಗುಟುಕು ಗುಟುಕಾಗಿ ಕುಡಿಯಬೇಕು. ಗಬಗಬ ಅಂತ ನುಂಗಿದರೆ ಎದೆ ಹಿಡಿದುಕೊಂಡ ಹಾಗೆ ನೋವು ಬಂದು ವಾಂತಿಯಾಗುತ್ತದೆ. ವಾಂತಿ ದಿನಗಟ್ಟಲೆ ನಿಲ್ಲದೇ ಹೋದರೆ ಮೈಯಲ್ಲಿ ಬಿ1 ವಿಟಮಿನ್ ಬರಿದಾಗಿ ನರಗಳಿಗೂ ಮೆದುಳಿಗೂ ಪೆಟ್ಟು ಬೀಳಬಹುದು. ಹೆದರಿಸೋಕೆ ಹೇಳುತ್ತಿಲ್ಲ, ನಡೆಯುವ ವಿಷಯ ಇದು.

ಇನ್ನು ಪ್ರೋಟೀನ್. ಆಪರೇಷನ್ ಆದವರಿಗೆ ದಿನಕ್ಕೆ ಕನಿಷ್ಠ 60 ಗ್ರಾಂ ಬೇಕು ಅಂತಾರೆ. ಒಂದು ಮೊಟ್ಟೆಯಲ್ಲಿ ಸಿಗುವುದು ಆರು ಗ್ರಾಂ. ಅಷ್ಟು ಸಣ್ಣ ಹೊಟ್ಟೆಗೆ 60 ಗ್ರಾಂ ಸೇರಿಸಬೇಕಾದರೆ ಮೊಟ್ಟೆ, ಕಾಳು, ಪನೀರ್, ಮೊಸರು, ಮೀನು, ಕೋಳಿ ಮೊದಲು ತಿನ್ನಬೇಕು. ಅನ್ನ ಆಮೇಲೆ, ಜಾಗ ಉಳಿದರೆ. ಎಲ್ಲರದ್ದೂ ಆದ ಮೇಲೆ ಕೊನೆಯಲ್ಲಿ ಉಣ್ಣುವವರಿಗೆ ಇದೆಲ್ಲ ಎಲ್ಲಿ ಉಳಿದಿರುತ್ತೆ ಹೇಳಿ. ಅನ್ನ, ಸಾರು ತಿಂದೇ ಹೊಟ್ಟೆ ತುಂಬಿಸಿಕೊಂಡರೆ ತೂಕ ಇಳಿಯುವುದರ ಜೊತೆ ಮೈಯ ಕಸುವೂ ಇಳಿಯುತ್ತದೆ.

ಡಾಕ್ಟರ್ ಕೇಳಿದ ಮೂರು ತಿಂಗಳು ಇದಕ್ಕೇ. "ಸುಮ್ನೆ ಎಳೆದಾಡಿಸ್ತಿದಾರೆ" ಅಂತ ನೀವು ಬರೆದಿದ್ದೀರಿ. ಕಾರಣ ಹೇಳದೆ ಸತಾಯಿಸಿದರೆ ನನಗೂ ಸಿಟ್ಟು ಬರುತ್ತದೆ. ಆದರೆ ಅವರ ಪಟ್ಟಿಯಲ್ಲಿ ಒಂದೂ ದಂಡಕ್ಕೆ ಬರೆದದ್ದಲ್ಲ. ಗೊರಕೆ ದೊಡ್ಡ ವಿಷಯ ಅಲ್ಲ ಅಂದಿದ್ದೀರಿ. ನಿದ್ದೆಯಲ್ಲಿ ಉಸಿರು ಕಟ್ಟುವ ಕಾಯಿಲೆ ಇದ್ದು, ಅದು ಗೊತ್ತಿಲ್ಲದೆ ಅರಿವಳಿಕೆ ಕೊಟ್ಟರೆ ಅಪಾಯ ಜಾಸ್ತಿ. ಗೊತ್ತಾದರೆ ಕೆಲವು ವಾರ ರಾತ್ರಿ ಗಾಳಿ ಒದಗಿಸುವ ಮಾಸ್ಕ್ ಹಾಕಿ ಮಲಗಿಸಿ ಸರಿಮಾಡಿಕೊಳ್ಳುತ್ತಾರೆ. ಎಂಡೋಸ್ಕೋಪಿಯಲ್ಲಿ ಹುಣ್ಣು ಕಂಡರೆ ಮೊದಲು ಅದನ್ನು ವಾಸಿ ಮಾಡಬೇಕು. ಎದೆಯುರಿ ತೀರಾ ಜಾಸ್ತಿ ಇರುವವರಿಗೆ ಸ್ಲೀವ್‌ಗಿಂತ ಬೈಪಾಸ್ (ಹೊಟ್ಟೆ ಸಣ್ಣದು ಮಾಡಿ ನೇರ ಕರುಳಿಗೆ ಜೋಡಿಸುವುದು) ಒಳ್ಳೆಯದು ಅಂತ ಆಗಬಹುದು. ಅಂದರೆ ಯಾವ ಆಪರೇಷನ್ ಅನ್ನುವುದೇ ಬದಲಾಗಬಹುದು! ಮನೋವೈದ್ಯರ ಹತ್ತಿರ ಕಳಿಸುವುದು ನಿಮಗೆ ಹುಚ್ಚು ಅಂತಲ್ಲ. ದುಃಖ ಆದಾಗ, ಸುಸ್ತಾದಾಗ, ಒಂಟಿ ಅನ್ನಿಸಿದಾಗ ಕೈ ಊಟದ ಕಡೆ ಹೋಗುತ್ತಾ ಅಂತ ತಿಳಿಯೋಕೆ. ಕತ್ತರಿ ಹೊಟ್ಟೆಗೆ ತಾಗುತ್ತದೆ, ಆ ಅಭ್ಯಾಸಕ್ಕೆ ತಾಗುವುದಿಲ್ಲ.

ಆಪರೇಷನ್‌ಗೆ ಮುಂಚೆ ಸಾಮಾನ್ಯವಾಗಿ ಎರಡು ವಾರ ತೀರಾ ಕಮ್ಮಿ ಕ್ಯಾಲೊರಿಯ ಪಥ್ಯವೂ ಇರುತ್ತದೆ. ದಪ್ಪ ಇರುವವರ ಪಿತ್ತಜನಕಾಂಗದಲ್ಲಿ (ಲಿವರ್) ಸಾಮಾನ್ಯವಾಗಿ ಕೊಬ್ಬು ತುಂಬಿ ಊದಿಕೊಂಡಿರುತ್ತದೆ, ಅದು ಹೊಟ್ಟೆಯ ಮೇಲೇ ಕವಿದಿರುತ್ತದೆ. ಸಣ್ಣ ರಂಧ್ರಗಳಲ್ಲಿ ಸಲಕರಣೆ ಇಳಿಸಿ ಕೆಲಸ ಮಾಡುವ ಸರ್ಜನ್ ಅದನ್ನು ಎತ್ತಿ ಹಿಡಿದೇ ಹೊಟ್ಟೆ ತಲುಪಬೇಕು. ಪಥ್ಯ ಮಾಡಿದರೆ ಅದು ಕುಗ್ಗಿ ದಾರಿ ಸಲೀಸಾಗುತ್ತದೆ. ಮದುವೆ ಮನೆಯಲ್ಲಿ ಚಕ್ಕುಲಿ, ಕಜ್ಜಾಯ ಕರಿಯುತ್ತಿರುವಾಗ ಹಿರಿ ಸೊಸೆ ಆ ಪಥ್ಯ ಮಾಡಿಯಾಳಾ? ಇನ್ನು "ಮುಂದಿನ ವಾರವೇ ಬನ್ನಿ" ಅಂದವರು ಈ ಎರಡು ವಾರವನ್ನು ಎಲ್ಲಿ ಹಿಡಿಸುತ್ತಾರೆ? ಅವಸರ ಮಾಡಿಸಿ ರಿಯಾಯಿತಿ ಕೊಡುವ ಕಡೆ ಸೀರೆ ತೊಗೊಳ್ಳಿ, ಆಪರೇಷನ್ ಮಾಡಿಸಿಕೊಳ್ಳಬೇಡಿ.

ಮದುವೆ ದಿನವನ್ನೇ ಒಮ್ಮೆ ನೆನೆಸಿಕೊಳ್ಳಿ. ಆಪರೇಷನ್ ಆಗಿ ಆರೇಳು ವಾರ ಆಗಿರುತ್ತೆ. ಒಂದಿಷ್ಟು ಕೆಜಿ ಇಳಿದಿರುತ್ತೆ, ನಿಜ. ಮುಖ ಬಾಡಿರುತ್ತೆ, ಸುಸ್ತು ಇರುತ್ತೆ. ಧಾರೆಗೆ ಓಡಾಡಬೇಕು, ಬೀಗರನ್ನು ವಿಚಾರಿಸಬೇಕು. ಪಂಕ್ತಿಯಲ್ಲಿ ಕೂತರೆ ಎಲೆ ತುಂಬಾ ಬಡಿಸಿರುತ್ತಾರೆ. ಎರಡು ತುತ್ತಿಗೇ ಸಾಕಾಗುತ್ತದೆ. ಪಕ್ಕದಲ್ಲಿ ಕೂತ ಚಿಕ್ಕಮ್ಮ "ಹೊಸ ಬೀಗರ ಮನೆ ಹೋಳಿಗೆ, ಬಿಡಬಾರದು" ಅಂತ ಇನ್ನೊಂದು ಹಾಕಿಸಿ ತುಪ್ಪ ಸುರಿಸುತ್ತಾರೆ. ನೀವು ಸಂಕೋಚಕ್ಕೆ ತಿನ್ನುತ್ತೀರಿ, ಯಾಕಂದರೆ ಬೇಡ ಅನ್ನುವ ಅಭ್ಯಾಸವನ್ನು ಇನ್ನೂ ಮಾಡಿಕೊಂಡಿಲ್ಲ. ಆಮೇಲೆ ಕೈತೊಳೆಯುವ ಜಾಗಕ್ಕೆ ಬಾಯಿ ಮುಚ್ಚಿಕೊಂಡು ಓಡಬೇಕು. ಯಾವ ಮದುವೆಯನ್ನೂ ಮುಂದಿಟ್ಟುಕೊಂಡು ಇಂಥ ದೊಡ್ಡ ನಿರ್ಧಾರ ಮಾಡಬೇಡಿ. ಇದನ್ನೂ ಹಿಂದೆ ಬರೆದಿದ್ದೇನೆ, ಮುಂದೆಯೂ ಬರೆಯುತ್ತೇನೆ.

ನಿಮ್ಮ ಅತ್ತೆಯ ಮೇಲೆ ನನಗೆ ಯಾವ ಸಿಟ್ಟೂ ಇಲ್ಲ. ನಿಮ್ಮ ಮನೆಯವರಲ್ಲಿ ಸರಿಯಾದ ಮಾತು ಹೇಳಿದವರು ಅವರೊಬ್ಬರೇ. ನನಗೆ ಸಿಟ್ಟಿರುವುದು ನಿಮ್ಮ ಯಜಮಾನರ ಮೇಲೆ. ನೀವು ಅವರನ್ನು "ತುಂಬಾ ಒಳ್ಳೆಯವರು, ಯಾವುದಕ್ಕೂ ಅಡ್ಡ ಬರಲ್ಲ" ಅಂತ ಬರೆದಿದ್ದೀರಿ. ಹೆಂಡತಿಯ ಹೊಟ್ಟೆಯ ಮುಕ್ಕಾಲು ಭಾಗ ತೆಗೆಯುತ್ತಾರೆ ಅಂದಾಗ ಟಿವಿಯಿಂದ ಕಣ್ಣು ತೆಗೆಯದೆ "ನಿನ್ನಿಷ್ಟ" ಅನ್ನುವುದು ಒಳ್ಳೆಯತನ ಅಲ್ಲ. ಒಂದು ಸಲವಾದರೂ ನಿಮ್ಮ ಜೊತೆ ಡಾಕ್ಟರ್ ಹತ್ತಿರ ಬಂದರಾ? ರಾತ್ರಿ ಎಂಟೂವರೆಗೆ ಅವರಿಗೆ ಬಿಸಿ ಬಿಸಿ ಮುದ್ದೆ ತಟ್ಟೆಗೆ ಬೀಳುತ್ತಲ್ಲ, ಆಗ ನೀನೂ ಕೂತ್ಕೋ ಅಂತ ಒಂದು ದಿನ ಅಂದಿದ್ದಾರಾ? ಅಂದಿದ್ದರೆ ನೀವು ಖಂಡಿತ ಬರೆಯುತ್ತಿದ್ದಿರಿ. ಈ ಪುಟವನ್ನು ಅವರ ಕೈಗೆ ಕೊಡಿ. ಸ್ವಾಮಿ, ಮುಂದಿನ ಸಲ ಡಯಟೀಷಿಯನ್ ಹತ್ತಿರ ಹೋಗುವಾಗ ನೀವೂ ಹೋಗಬೇಕು. ಪ್ರಶ್ನೆ ಕೇಳಬೇಕು, ಬರೆದುಕೊಳ್ಳಬೇಕು. ರಾತ್ರಿ ಪಾತ್ರೆ ಎತ್ತಿಡುವ ಕೆಲಸ ಇವತ್ತಿನಿಂದ ನಿಮ್ಮದು.

ಇಷ್ಟು ಹೇಳಿದ್ದಕ್ಕೆ ನಾನು ಆಪರೇಷನ್ನಿಗೇ ವಿರೋಧ ಅಂತ ತಿಳಿಯಬೇಡಿ. ಅದು ಸೋಮಾರಿಗಳ ದಾರಿ, ಬಾಯಿ ಕಟ್ಟಲಾರದವರು ಮಾಡಿಸಿಕೊಳ್ಳುತ್ತಾರೆ ಅನ್ನುವವರ ಮಾತನ್ನು ಕಿವಿಗೇ ಹಾಕಿಕೊಳ್ಳಬೇಡಿ. ನಿಮ್ಮ ಬಿಎಂಐ, ಅಂದರೆ ಎತ್ತರಕ್ಕೆ ಹೋಲಿಸಿ ತೂಕ ಅಳೆಯುವ ಲೆಕ್ಕ, 43ರ ಮೇಲಿದೆ. 35 ದಾಟಿದವರಿಗೆ ಬೇರೆ ಕಾಯಿಲೆ ಇರಲಿ, ಬಿಡಲಿ, ಸರ್ಜರಿ ಸೂಚಿಸಬಹುದು ಅಂತ ಈ ಆಪರೇಷನ್ ಮಾಡುವ ಸರ್ಜನ್ನರ ಅಮೆರಿಕದ ಸಂಘ ಮತ್ತು ಅಂತಾರಾಷ್ಟ್ರೀಯ ಒಕ್ಕೂಟ 2022ರಲ್ಲಿ ಹೇಳಿವೆ. ಏಷ್ಯಾದವರಿಗೆ ಗಡಿ ಇನ್ನೂ ಕೆಳಗೇ ಇದೆ. ಸ್ವೀಡನ್ನಿನಲ್ಲಿ 1987ರಲ್ಲಿ ಶುರುವಾದ ಅಧ್ಯಯನದಲ್ಲಿ ಸುಮಾರು ನಾಲ್ಕು ಸಾವಿರ ಜನರನ್ನು ವರ್ಷಗಟ್ಟಲೆ ಗಮನಿಸಿದರು. ಆಪರೇಷನ್ ಮಾಡಿಸಿಕೊಂಡವರಲ್ಲಿ ಸಾವು ಕಮ್ಮಿ ಇತ್ತು, ಶುಗರ್ ಹತೋಟಿಗೆ ಬಂದವರು ಜಾಸ್ತಿ ಇದ್ದರು. ನಿಮಗೆ ಇದು ಸಿಗಲೇಬೇಕು. ಚೆನ್ನಾಗಿ ತಯಾರಾದ ಮೈಗೆ ಸಿಗಬೇಕು ಅನ್ನುವುದಷ್ಟೇ ನನ್ನ ಹಟ.

ಒಡವೆ ಅಡ ಇಡುವ ಮುಂಚೆ ನಿಮ್ಮ ಆರೋಗ್ಯ ವಿಮೆಯ ಕಾಗದ ತೆಗೆದು ನೋಡಿ. ಬಿಎಂಐ 40 ಅಥವಾ ಅದಕ್ಕೂ ಮೇಲಿದ್ದು, ಡಾಕ್ಟರ್ ಸಲಹೆಯಂತೆ ಮಾಡಿಸಿಕೊಳ್ಳುವ ಸರ್ಜರಿಯನ್ನು ಬೊಜ್ಜಿನ ಚಿಕಿತ್ಸೆ ಅನ್ನುವ ಒಂದೇ ನೆಪಕ್ಕೆ ಹೊರಗಿಡುವಂತಿಲ್ಲ ಅಂತ ವಿಮಾ ನಿಯಂತ್ರಕರು 2019ರಲ್ಲಿ ನಿಯಮ ಮಾಡಿದ್ದರು. ಪಾಲಿಸಿಯಲ್ಲಿ ಕಾಯುವ ಅವಧಿ ಇರಬಹುದು, ಮುಂಚಿತ ಒಪ್ಪಿಗೆ ಬೇಕಾಗಬಹುದು. ಆ ಓಡಾಟಕ್ಕೂ ಈ ಮೂರು ತಿಂಗಳು ಅನುಕೂಲಕ್ಕೆ ಬರುತ್ತದೆ.

ಈಗ ಏನು ಮಾಡಬೇಕು? ಒಂದೇ ಒಂದು ಕೆಲಸ. ಇವತ್ತು ರಾತ್ರಿ ಎಂಟೂವರೆಗೆ ಎಲ್ಲರ ಜೊತೆ ನಿಮಗೂ ತಟ್ಟೆ ಹಾಕಿಕೊಂಡು ಕೂರಿ. ಪಾತ್ರೆಗಳು ಮಧ್ಯದಲ್ಲಿರಲಿ, ಯಾರಿಗೆ ಏನು ಬೇಕೋ ಅವರೇ ಬಡಿಸಿಕೊಳ್ಳಲಿ. ಮೊದಲು ಕಾಳು, ಮೊಟ್ಟೆ, ಆಮೇಲೆ ಅನ್ನ. ಗೋಡೆ ಗಡಿಯಾರ ನೋಡಿಕೊಂಡು 25 ನಿಮಿಷ. ಲೋಟದ ನೀರು ಪಕ್ಕಕ್ಕಿರಲಿ. ಎದ್ದ ಮೇಲೆ ಅಡುಗೆಮನೆ ಕಟ್ಟೆ ಹತ್ತಿರ ಒಂದು ತುತ್ತೂ ಇಲ್ಲ. ಮಿಕ್ಕಿದ್ದು ಫ್ರಿಜ್‌ಗೆ ಹೋಗಲಿ, ಇಲ್ಲವೇ ಬೀದಿ ನಾಯಿಗೆ. ನಿಮ್ಮ ಹೊಟ್ಟೆ ಮಿಕ್ಕಿದ್ದನ್ನು ಸುರಿಯುವ ಜಾಗ ಅಲ್ಲ. ಮೊದಲ ವಾರ ಕಷ್ಟ ಆಗುತ್ತೆ, "ಉಪ್ಪು ತೊಗೊಂಡು ಬಾ" ಅಂತ ಮೂರು ಸಲ ಎಬ್ಬಿಸುತ್ತಾರೆ. ಏಳಬೇಡಿ. ಮದುವೆ ಮುಗಿಯುವ ತನಕ ಇದನ್ನೇ ಮಾಡಿ. ಜೊತೆಗೆ ಮೊದಲಿನ ಡಾಕ್ಟರ್ ಹೇಳಿದ ಪರೀಕ್ಷೆಗಳು ಒಂದೊಂದಾಗಿ ನಡೆಯಲಿ. ಇನ್ನೊಂದು ಕಡೆಗೆ ಇವತ್ತೇ ಫೋನ್ ಮಾಡಿ, ಬರುವುದಿಲ್ಲ ಅಂತ ಹೇಳಿಬಿಡಿ.

ಪತ್ರದ ಕೊನೆಗೆ ಇನ್ನೊಂದು ಪ್ರಶ್ನೆ ಕೇಳಿದ್ದೀರಿ, ಕೂದಲು ಉದುರುತ್ತಾ ಅಂತ. ತುಂಬಾ ಜನರಿಗೆ ಉದುರುತ್ತದೆ. ಆಪರೇಷನ್ ಆಗಿ ಮೂರನೇ ತಿಂಗಳ ಹೊತ್ತಿಗೆ ಶುರುವಾಗಿ ಕೆಲವು ತಿಂಗಳು ಇರುತ್ತದೆ, ಸಾಮಾನ್ಯವಾಗಿ ಮತ್ತೆ ಬೆಳೆಯುತ್ತದೆ. ಪ್ರೋಟೀನ್, ಕಬ್ಬಿಣದ ಅಂಶ ಕಮ್ಮಿ ಇದ್ದವರಿಗೆ ಜಾಸ್ತಿ ಉದುರುತ್ತದೆ. ಹಾಗಾಗಿ ಮುಂದಿನ ಸಲ ರಕ್ತ ಕೊಡುವಾಗ ಹಿಮೋಗ್ಲೋಬಿನ್ ಜೊತೆ ಫೆರಿಟಿನ್ (ಮೈಯಲ್ಲಿ ಕೂಡಿಟ್ಟ ಕಬ್ಬಿಣದ ಲೆಕ್ಕ), ಬಿ12, ಡಿ ವಿಟಮಿನ್ ಕೂಡ ನೋಡಿಸಿ. ಕಮ್ಮಿ ಇದ್ದರೆ ಮಾತ್ರೆ ಈಗಲೇ ಶುರುಮಾಡಲು ಡಾಕ್ಟರನ್ನು ಕೇಳಿ. ಆಪರೇಷನ್ ಆದ ಮೇಲೆ ವಿಟಮಿನ್ ಮಾತ್ರೆ ಜೀವನಪೂರ್ತಿ ತೊಗೊಳ್ಳಬೇಕಾಗುತ್ತದೆ. ಅದಕ್ಕೆ ತಿಂಗಳಿಗೆ ಎಷ್ಟು ಖರ್ಚಾಗುತ್ತದೆ ಅಂತಲೂ ಅದೇ ದಿನ ಕೇಳಿ ಬರೆದುಕೊಂಡು ಬನ್ನಿ.