ಹಾಸ್ಟೆಲಿನ ಫಲಕದಲ್ಲಿ ಅಪಾಸ್ಟ್ರಫಿ ಎಲ್ಲಿ?

ಪ್ರಶ್ನೆ: ನಮ್ಮ ಸಂಸ್ಥೆಯ ಬಾಲಕಿಯರ ವಸತಿ ನಿಲಯಕ್ಕೆ ಇಂಗ್ಲಿಷಿನಲ್ಲಿ ನಾಮಫಲಕ ಬರೆಸುತ್ತಿದ್ದೇವೆ. ‘ಗರ್ಲ್ಸ್ ಹಾಸ್ಟೆಲ್’ ಎಂಬಲ್ಲಿ ಅಪಾಸ್ಟ್ರಫಿ (ಒಡೆತನವನ್ನೋ ಸಂಕ್ಷೇಪವನ್ನೋ ಸೂಚಿಸುವ ’ ಚಿಹ್ನೆ) ‘ಎಸ್’ ಅಕ್ಷರಕ್ಕಿಂತ ಮೊದಲು ಬರಬೇಕೋ, ನಂತರವೋ? ಎರಡೂ ನಡೆಯುತ್ತದೆ ಎನ್ನುತ್ತಾರೆ ಪೇಂಟರ್.
– ಓದುಗರೊಬ್ಬರು, ಮುಧೋಳ, ಬಾಗಲಕೋಟೆ ಜಿಲ್ಲೆ

ಉತ್ತರ: ಎರಡರಲ್ಲಿ ಒಂದೇ ನಡೆಯುತ್ತದೆ. ಮೊದಲು ಹಾಕಿದರೆ ಇಡೀ ಕಟ್ಟಡ ಒಬ್ಬಳೇ ಹುಡುಗಿಯ ಪಾಲಾಗುತ್ತದೆ. ಅಲ್ಲಿರುವವರು ಹಲವರಾದ್ದರಿಂದ ಬಹುವಚನದ ‘ಎಸ್’ ಬರೆಸಿ, ಅದರ ನಂತರ ಚಿಹ್ನೆ ಹಾಕಿಸಿ. ಆದರೆ ‘ವಿಮೆನ್’, ‘ಚಿಲ್ಡ್ರನ್’ ಪದಗಳು ‘ಎಸ್’ ಇಲ್ಲದೆಯೇ ಬಹುವಚನವಾಗಿರುವುದರಿಂದ ಅವುಗಳಿಗೆ ಚಿಹ್ನೆ ಮೊದಲು, ‘ಎಸ್’ ಆಮೇಲೆ.

ಇಷ್ಟು ಸಣ್ಣ ಗುರುತಿಗಾಗಿ ಹಟ ಹಿಡಿದವರೂ ಇದ್ದಾರೆ. 1914ರಲ್ಲಿ ಅಮೆರಿಕದಲ್ಲಿ ಅಧಿಕೃತ ಆಚರಣೆಯಾದ ‘ಮದರ್ಸ್ ಡೇ’ಗಾಗಿ ಹೋರಾಡಿದ ಆ್ಯನಾ ಜಾರ್ವಿಸ್, ಪ್ರತಿ ಮನೆಯವರೂ ತಮ್ಮ ತಾಯಿಯನ್ನು ಗೌರವಿಸಬೇಕೆಂಬ ಉದ್ದೇಶದಿಂದ, ಚಿಹ್ನೆಯು ‘ಎಸ್’ಗಿಂತ ಮೊದಲೇ ಬರುವ ಏಕವಚನ ರೂಪವನ್ನೇ ಒತ್ತಾಯಿಸಿದ್ದರು.

‘ಅದರ’ ಎಂಬರ್ಥದ ‘ಇಟ್ಸ್’ಗೆ ಚಿಹ್ನೆಯಿಲ್ಲ; ‘ಇಟ್ ಈಸ್’ ಅಥವಾ ‘ಇಟ್ ಹ್ಯಾಸ್’ ಎಂಬುದರ ಸಂಕ್ಷೇಪಕ್ಕೆ ಮಾತ್ರ ಇದೆ. ಲಾಡ್ಜುಗಳ ಮುಂದೆ ಕಾಣುವ ‘ರೂಮ್ಸ್ ಅವೈಲೆಬಲ್’ನಲ್ಲಿ ಒಡೆತನದ ಮಾತೇ ಇಲ್ಲದ ಕಾರಣ, ಪೇಂಟರ್ ಎಷ್ಟೇ ಅಂದವಾಗಿ ಬರೆದರೂ ಅಲ್ಲಿ ಚಿಹ್ನೆ ತಪ್ಪು.